ಹಿಸ್ಟರಿ ಪೂರ್ತಿ ಅಳಿಸಿದರೂ ಹಳೆಯ ಹುಡುಕಾಟಗಳು ಮತ್ತೆ ಮತ್ತೆ ಕಾಣಿಸುತ್ತಿವೆ. ಎಲ್ಲಿ ಉಳಿದಿವೆ?

ಪ್ರಶ್ನೆ: ಎರಡನೇ_ಟ್ಯಾಬ್

ವಿಂಡೋಸ್ 11 ಲ್ಯಾಪ್‌ಟಾಪ್, ಕ್ರೋಮ್ ಬ್ರೌಸರ್. ಜೊತೆಗೆ ಒಂದು ಆಂಡ್ರಾಯ್ಡ್ ಫೋನ್. ಎರಡರಲ್ಲೂ ಒಂದೇ ಗೂಗಲ್ ಖಾತೆ. ಲ್ಯಾಪ್‌ಟಾಪ್ ಮನೆಯಲ್ಲಿ ನಾಲ್ಕು ಜನರ ಕೈಗೂ ಹೋಗುತ್ತದೆ. ಕಂಟ್ರೋಲ್ + ಶಿಫ್ಟ್ + ಡಿಲೀಟ್ ಒತ್ತಿ, "ಆಲ್ ಟೈಮ್" ಆರಿಸಿ, ಹಿಸ್ಟರಿ, ಕುಕಿ, ಕ್ಯಾಶ್ ಮೂರಕ್ಕೂ ಟಿಕ್ ಹಾಕಿ ಅಳಿಸಿದ್ದಾಯಿತು. ಹಿಸ್ಟರಿ ಪುಟ ಈಗ ಖಾಲಿ. ಆದರೂ:

1. ಗೂಗಲ್ ಪುಟದ ಹುಡುಕುವ ಪೆಟ್ಟಿಗೆಯೊಳಗೆ ಕ್ಲಿಕ್ ಮಾಡಿದರೆ ಸಾಕು, ಹಳೆಯ ಹುಡುಕಾಟಗಳು ಪುಟ್ಟ ಗಡಿಯಾರದ ಚಿತ್ರ ಹೊತ್ತು ಸಾಲಾಗಿ ಇಳಿಯುತ್ತವೆ.

2. ಫೋನಿನ ಕೀಬೋರ್ಡಿನಲ್ಲಿ ಒಂದು ಕಾಯಿಲೆಯ ಹೆಸರಿನ ಮೊದಲೆರಡು ಅಕ್ಷರ ಒತ್ತುತ್ತಲೇ ಪೂರ್ತಿ ಹೆಸರು ಮೇಲಿನ ಪಟ್ಟಿಯಲ್ಲಿ ಬಂದು ಕೂರುತ್ತದೆ.

3. ಒಂದೇ ಒಂದು ಸಲ ತೆರೆದಿದ್ದ ಸೈಟಿನಿಂದ ಈಗಲೂ ಲ್ಯಾಪ್‌ಟಾಪ್ ಪರದೆಯ ಮೂಲೆಯಲ್ಲಿ ನೋಟಿಫಿಕೇಷನ್ ಬರುತ್ತಿದೆ.

ಇವು ಎಲ್ಲಿಂದ ಬರುತ್ತಿವೆ? ಸೇವ್ ಆಗಿರುವ ಪಾಸ್‌ವರ್ಡ್‌ಗಳು ಹೋಗಬಾರದು, ಅವು ಬೇಕು. ಇನ್ನು ಮುಂದೆ ಇನ್‌ಕಾಗ್ನಿಟೋ ಬಳಸಿದರೆ ಈ ರಗಳೆ ತಪ್ಪುತ್ತದೆಯೇ? ಇಂಟರ್ನೆಟ್ ಕೊಡುವ ಕಂಪನಿಗೆ ಏನೇನು ಕಾಣುತ್ತದೆ ಎಂಬುದನ್ನೂ ತಿಳಿದವರು ಹೇಳಿ.

ಉತ್ತರ: ಪ್ಯಾಕೆಟ್‌ಪುರಾಣ

ನೀವು ಅಳಿಸಿದ್ದು ಲ್ಯಾಪ್‌ಟಾಪಿನ ಡಿಸ್ಕಿನಲ್ಲಿದ್ದ ಹಿಸ್ಟರಿ. ನಿಮಗೆ ಕಾಣಿಸುತ್ತಿರುವ ಮೂರೂ ಆ ಫೈಲಿನಲ್ಲಿ ಇರಲೇ ಇಲ್ಲ. ಒಂದು ಗೂಗಲ್ ಸರ್ವರಿನಲ್ಲಿದೆ, ಇನ್ನೊಂದು ಕೀಬೋರ್ಡ್ ಆ್ಯಪ್‌ನಲ್ಲಿ, ಮೂರನೆಯದು ಕ್ರೋಮಿನ ಸೈಟ್ ಪರ್ಮಿಷನ್ ಪಟ್ಟಿಯಲ್ಲಿ.

ಗಡಿಯಾರದ ಚಿತ್ರ. ಆ ಚಿತ್ರವೇ ಸುಳಿವು. ಗಡಿಯಾರ ಇದ್ದರೆ "ಇದನ್ನು ನೀವು ಹಿಂದೆ ಹುಡುಕಿದ್ದೀರಿ" ಎಂದರ್ಥ. ಭೂತಗನ್ನಡಿ ಇದ್ದರೆ ಅದು ಎಲ್ಲರಿಗೂ ತೋರಿಸುವ ಸಲಹೆ, ನಿಮ್ಮ ದಾಖಲೆ ಆಗಿರಬೇಕಿಲ್ಲ. ವಿಳಾಸಪಟ್ಟಿಯಲ್ಲಿ ನಕ್ಷತ್ರ ಕಂಡರೆ ಅದು ಬುಕ್‌ಮಾರ್ಕ್, ಹಿಸ್ಟರಿ ಎಷ್ಟು ಸಲ ಅಳಿಸಿದರೂ ಹೋಗುವುದಿಲ್ಲ.

ಖಾತೆಗೆ ಲಾಗಿನ್ ಆಗಿ ಹುಡುಕಿದ್ದೆಲ್ಲ "ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ" ಎಂಬಲ್ಲಿ ಸೇರುತ್ತದೆ. ಬ್ರೌಸರ್ ಖಾಲಿ ಮಾಡಿದರೆ ಅದಕ್ಕೆ ಏನೂ ಆಗುವುದಿಲ್ಲ. ಹೀಗೆ ಮಾಡಿ:

ಮೈಆಕ್ಟಿವಿಟಿ ಡಾಟ್ ಗೂಗಲ್ ಡಾಟ್ ಕಾಮ್ ತೆರೆಯಿರಿ (ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು). ಮೇಲೆ ಬಲಗಡೆ ಯಾವ ಖಾತೆಯ ಚಿತ್ರವಿದೆ ಎಂದು ಮೊದಲು ನೋಡಿ. ಎರಡು ಖಾತೆ ಇರುವವರು ಬೇರೆ ಖಾತೆಯದನ್ನು ಅಳಿಸಿ, "ಹೋಗಲೇ ಇಲ್ಲ" ಎನ್ನುವುದು ಮಾಮೂಲು. ಆಮೇಲೆ "ವೆಬ್ ಅಂಡ್ ಆ್ಯಪ್ ಆಕ್ಟಿವಿಟಿ" ಒಳಗೆ ಹೋಗಿ "ಟರ್ನ್ ಆಫ್" ಒತ್ತಿ. ಅಲ್ಲಿ ಎರಡು ಆಯ್ಕೆ ಬರುತ್ತವೆ: ಬರೀ ನಿಲ್ಲಿಸುವುದು, ನಿಲ್ಲಿಸಿ ಹಳೆಯದನ್ನೂ ಅಳಿಸುವುದು. ನಿಮಗೆ ಬೇಕಿರುವುದು ಎರಡನೆಯದು. ಮೊದಲನೆಯದನ್ನು ಒತ್ತಿದರೆ ಹೊಸದು ಸೇರುವುದಿಲ್ಲ, ಹಳೆಯದು ಹಾಗೇ ಇರುತ್ತದೆ. ಯಾವಾಗಲೂ ಮೊದಲು ನಲ್ಲಿ ನಿಲ್ಲಿಸಿ, ಆಮೇಲೆ ನೆಲ ಒರೆಸಿ.

ಪೂರ್ತಿ ನಿಲ್ಲಿಸುವುದು ಬೇಡ ಎನ್ನುವವರಿಗೆ "ಆಟೋ ಡಿಲೀಟ್" ಇದೆ: 3, 18 ಅಥವಾ 36 ತಿಂಗಳು. 2020ರ ನಂತರ ತೆರೆದ ಹೊಸ ಖಾತೆಗಳಲ್ಲಿ ತಾನಾಗಿಯೇ 18 ತಿಂಗಳಿಗೆ ಇರುತ್ತದೆ. ಅದಕ್ಕೂ ಹಳೆಯ ಖಾತೆಯಾದರೆ ನೀವೇ ಹೋಗಿ ಇಡದ ಹೊರತು ಯಾವ ಗಡುವೂ ಇರುವುದಿಲ್ಲ. 3 ತಿಂಗಳಿಗೆ ಇಡಿ.

ಅಳಿಸಿದ್ದು ಪುಟದಿಂದ ತಕ್ಷಣ ಮರೆಯಾಗುತ್ತದೆ. ಸರ್ವರ್‌ಗಳಿಂದ ಪೂರ್ತಿ ಹೋಗಲು ಸಾಮಾನ್ಯವಾಗಿ ಸುಮಾರು 2 ತಿಂಗಳು, ಬ್ಯಾಕಪ್ ಪ್ರತಿಗಳಲ್ಲಿ 6 ತಿಂಗಳವರೆಗೂ ಇರಬಹುದು ಎಂದು ಗೂಗಲ್ ತಾನೇ ಬರೆದುಕೊಂಡಿದೆ.

ಕೀಬೋರ್ಡ್. ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಆದರೆ: ಸೆಟ್ಟಿಂಗ್ಸ್, ಪ್ರೈವಸಿ, "ಡಿಲೀಟ್ ಲರ್ನ್ಡ್ ವರ್ಡ್ಸ್ ಅಂಡ್ ಡೇಟಾ". ಇದು ಕಲಿತದ್ದನ್ನೆಲ್ಲ ಮರೆಯುತ್ತದೆ, ನಿಮ್ಮ ಮನೆಮಂದಿಯ ಹೆಸರುಗಳನ್ನೂ. ಒಂದೇ ಪದ ತೊಲಗಬೇಕಿದ್ದರೆ ಅಷ್ಟೆಲ್ಲ ಬೇಡ. ಆ ಪದ ಸಲಹೆಯ ಪಟ್ಟಿಯಲ್ಲಿ ಬಂದಾಗ ಅದರ ಮೇಲೆ ಬೆರಳು ಒತ್ತಿ ಹಿಡಿಯಿರಿ, ಕಸದ ಬುಟ್ಟಿಯ ಚಿತ್ರ ಕಾಣುತ್ತದೆ, ಅಲ್ಲಿಗೆ ಎಳೆದು ಬಿಡಿ.

ನೋಟಿಫಿಕೇಷನ್. ಕುಕಿ (ಸೈಟು ನಿಮ್ಮನ್ನು ಗುರುತಿಡಲು ಬ್ರೌಸರ್‌ನಲ್ಲಿ ಬಿಡುವ ಪುಟ್ಟ ಚೀಟಿ) ಅಳಿಸಿದರೆ ಪರ್ಮಿಷನ್ ಹೋಗುವುದಿಲ್ಲ. ಅಳಿಸುವ ಪಟ್ಟಿಯಲ್ಲಿ "ಸೈಟ್ ಸೆಟ್ಟಿಂಗ್ಸ್" ಎಂದು ಬೇರೆಯೇ ಸಾಲಿದೆ, ಅದಕ್ಕೆ ಮೊದಲಿನಿಂದ ಟಿಕ್ ಇರುವುದಿಲ್ಲ. ಕ್ರೋಮ್ ಸೆಟ್ಟಿಂಗ್ಸ್, "ಪ್ರೈವಸಿ ಅಂಡ್ ಸೆಕ್ಯುರಿಟಿ", "ಸೈಟ್ ಸೆಟ್ಟಿಂಗ್ಸ್", "ನೋಟಿಫಿಕೇಷನ್ಸ್" ಇಲ್ಲಿಗೆ ಹೋಗಿ ಆ ಸೈಟಿನ ಪಕ್ಕದ ಮೂರು ಚುಕ್ಕೆ ಒತ್ತಿ. "ರಿಮೂವ್" ಕೊಟ್ಟರೆ ಸೈಟಿನ ಹೆಸರೂ ಪಟ್ಟಿಯಿಂದ ಹೋಗುತ್ತದೆ. "ಬ್ಲಾಕ್" ಕೊಟ್ಟರೆ ನೋಟಿಫಿಕೇಷನ್ ನಿಲ್ಲುತ್ತದೆ, ಆದರೆ ಹೆಸರು ಬ್ಲಾಕ್ ಪಟ್ಟಿಯಲ್ಲಿ ಎದ್ದು ಕಾಣುವಂತೆ ಉಳಿಯುತ್ತದೆ. ನಾಲ್ಕು ಜನ ಬಳಸುವ ಲ್ಯಾಪ್‌ಟಾಪ್ ಎಂದಿರಿ, ರಿಮೂವ್ ಕೊಡಿ.

ಪಾಸ್‌ವರ್ಡ್‌ಗೆ ಭಯ ಬೇಡ. ಅಳಿಸುವ ಪಟ್ಟಿಯಲ್ಲಿ ಪಾಸ್‌ವರ್ಡ್ ಸಾಲು ಇದ್ದರೆ, ಅದಕ್ಕೆ ನೀವಾಗಿಯೇ ಟಿಕ್ ಹಾಕಿದರೆ ಮಾತ್ರ ಹೋಗುತ್ತವೆ. ಆದರೆ ಟಿಕ್ ಹಾಕಿ ಅಳಿಸಿದರೆ, ಸಿಂಕ್ ಇರುವ ಫೋನಿನಿಂದಲೂ ಹೋಗುತ್ತವೆ.

ಉತ್ತರ: ಹಳೇಕೀಬೋರ್ಡ್

ಮೇಲಿನವರು ಬಿಟ್ಟ ಕೆಲವು.

ಯೂಟ್ಯೂಬ್ ಹಿಸ್ಟರಿ ಬೇರೆಯೇ ಸ್ವಿಚ್. ಅದೇ ಮೈಆಕ್ಟಿವಿಟಿ ಪುಟದಲ್ಲಿದೆ. ವೆಬ್ ಆಕ್ಟಿವಿಟಿ ನಿಲ್ಲಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ವಿಂಡೋಸ್ ಸ್ಟಾರ್ಟ್ ಮೆನುವಿನಲ್ಲಿ ಟೈಪ್ ಮಾಡಿ ಹುಡುಕುವ ಅಭ್ಯಾಸ ಯಾರಿಗಾದರೂ ಇದ್ದರೆ ಅದು ಮೈಕ್ರೋಸಾಫ್ಟ್ ಖಾತೆಗೆ ಹೋಗಬಹುದು, ಹೋಗಿದ್ದರೆ ಅವರ ಪ್ರೈವಸಿ ಡ್ಯಾಶ್‌ಬೋರ್ಡ್ ಪುಟದಲ್ಲಿ ಅಳಿಸಬೇಕು. ಡೌನ್‌ಲೋಡ್ ಹಿಸ್ಟರಿ ಅಳಿಸಿದರೆ ಪಟ್ಟಿ ಹೋಗುತ್ತದೆ, ಫೈಲು ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಇರುತ್ತದೆ. ಎಷ್ಟೋ ಜನ ಸಿಕ್ಕಿಬೀಳುವುದು ಇಲ್ಲೇ.

ಒಂದೇ ಸಾಲು ಅಳಿಸಬೇಕಿದ್ದರೆ ಎಲ್ಲ ಗುಡಿಸಬೇಡಿ. ವಿಳಾಸಪಟ್ಟಿಯಲ್ಲಿ ಆ ಸಲಹೆ ಬಂದಾಗ ಬಾಣದ ಕೀಲಿಯಿಂದ ಅದರ ಮೇಲೆ ಹೋಗಿ ಶಿಫ್ಟ್ + ಡಿಲೀಟ್ ಒತ್ತಿ. ಒಂದು ಸೈಟಿನ ಎಲ್ಲ ಪುಟ ಹೋಗಬೇಕಿದ್ದರೆ ಕಂಟ್ರೋಲ್ + ಎಚ್ ಒತ್ತಿ, ಸೈಟಿನ ಹೆಸರು ಹುಡುಕಿ, ಮೊದಲ ಚೌಕಕ್ಕೆ ಟಿಕ್ ಹಾಕಿ, ಶಿಫ್ಟ್ ಹಿಡಿದು ಕೊನೆಯದಕ್ಕೆ ಟಿಕ್ ಹಾಕಿ, ನಡುವಿನವೆಲ್ಲ ಸೇರುತ್ತವೆ. ಫೈರ್‌ಫಾಕ್ಸ್‌ನಲ್ಲಿ ಇನ್ನೂ ಸುಲಭ: ಹಿಸ್ಟರಿಯಲ್ಲಿ ಆ ಸೈಟಿನ ಮೇಲೆ ಬಲ ಕ್ಲಿಕ್, "ಫರ್ಗೆಟ್ ಅಬೌಟ್ ದಿಸ್ ಸೈಟ್". ಪುಟಗಳ ಜೊತೆ ಆ ಸೈಟಿನ ಕುಕಿ, ಕ್ಯಾಶ್ ಕೂಡ ಹೋಗುತ್ತವೆ. ಬುಕ್‌ಮಾರ್ಕ್ ಮಾತ್ರ ಉಳಿಯುತ್ತದೆ.

ನಾಲ್ಕು ಜನರ ವಿಷಯಕ್ಕೆ: ಕ್ರೋಮ್ ಪ್ರೊಫೈಲ್ ಬೇರೆ ಬೇರೆ ಮಾಡಿಕೊಂಡರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರೊಫೈಲಿಗೆ ಬೀಗವಿಲ್ಲ. ಮೇಲಿನ ಗುಂಡು ಚಿತ್ರ ಒತ್ತಿದರೆ ಯಾರು ಬೇಕಾದರೂ ಯಾರದಕ್ಕೆ ಬೇಕಾದರೂ ಹೋಗಬಹುದು. ವಿಂಡೋಸ್‌ನಲ್ಲೇ ನಾಲ್ಕು ಯೂಸರ್ ಮಾಡಿ, ಒಬ್ಬೊಬ್ಬರಿಗೂ ಪಿನ್ ಕೊಡಿ. ಯಾರೋ ಐದು ನಿಮಿಷಕ್ಕೆ ಕೇಳಿದರೆ ಅದೇ ಗುಂಡು ಚಿತ್ರದಡಿ "ಗೆಸ್ಟ್" ಇದೆ, ಅದರಲ್ಲಿ ನಿಮ್ಮ ಹಿಸ್ಟರಿಯೂ ಬುಕ್‌ಮಾರ್ಕೂ ಅವರಿಗೆ ಕಾಣುವುದಿಲ್ಲ. ಅದೇ ಇನ್‌ಕಾಗ್ನಿಟೋ ತೆರೆದುಕೊಟ್ಟರೆ ನಿಮ್ಮ ಬುಕ್‌ಮಾರ್ಕ್‌ಗಳು ಅಲ್ಲೂ ಕಾಣುತ್ತವೆ.

ಉತ್ತರ: ವೇಗದೂತ

ಇಷ್ಟೆಲ್ಲ ಯಾಕೆ? ಒಳ್ಳೆಯ ವಿಪಿಎನ್ (ನಿಮ್ಮ ಸಂಪರ್ಕವನ್ನು ಇನ್ನೊಂದು ಕಂಪನಿಯ ಸರ್ವರ್ ಮೂಲಕ ಸುತ್ತಿಸುವ ಸೇವೆ) ಒಂದು ಹಾಕಿ, ಒಂದು ಕ್ಲೀನರ್ ಆ್ಯಪ್ ಹಾಕಿ ದಿನಾ ಓಡಿಸಿ. ಯಾರಿಗೂ ಏನೂ ಸಿಗಲ್ಲ.

ಉತ್ತರ: ಪ್ಯಾಕೆಟ್‌ಪುರಾಣ

@ವೇಗದೂತ, ಇವರ ಮೂರು ತೊಂದರೆಗಳಲ್ಲಿ ಒಂದನ್ನೂ ವಿಪಿಎನ್ ಮುಟ್ಟುವುದಿಲ್ಲ. ಖಾತೆಗೆ ಲಾಗಿನ್ ಆಗಿ ಹುಡುಕಿದರೆ ಯಾವ ಐಪಿ ವಿಳಾಸದಿಂದ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕಕ್ಕಿರುವ ಸಂಖ್ಯೆ) ಬಂದರೂ ದಾಖಲೆ ಅದೇ ಖಾತೆಗೆ ಸೇರುತ್ತದೆ. ಬಾಗಿಲು ಬದಲಿಸಿ ಒಳಗೆ ಬಂದು ಅದೇ ಪುಸ್ತಕಕ್ಕೆ ಸಹಿ ಹಾಕಿದ ಹಾಗೆ.

ಖಾತೆ ಇಲ್ಲದೆ ಹುಡುಕಿದರೂ ಹುಡುಕುವ ಮಾತೇ ಗುರುತು ಕೊಡುತ್ತದೆ. 2006ರ ಆಗಸ್ಟ್‌ನಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್ನೆಟ್ ಕಂಪನಿ ಸಂಶೋಧಕರಿಗೆಂದು ಸುಮಾರು 6,50,000 ಬಳಕೆದಾರರ 2 ಕೋಟಿಯಷ್ಟು ಹುಡುಕಾಟಗಳನ್ನು ಬಿಡುಗಡೆ ಮಾಡಿತ್ತು. ಹೆಸರು ತೆಗೆದು ಬರೀ ಸಂಖ್ಯೆ ಕೊಟ್ಟಿದ್ದರು. ಒಂದು ಸಂಖ್ಯೆಯ ಹುಡುಕಾಟಗಳನ್ನು ಸಾಲಾಗಿ ಓದಿಯೇ ಪತ್ರಕರ್ತರು ಆ ವ್ಯಕ್ತಿಯ ಮನೆ ಬಾಗಿಲಿಗೆ ಹೋದರು. ಊರಿನ ಹೆಸರು, ಕುಲನಾಮ, ಕಾಯಿಲೆ ಇಷ್ಟು ಒಂದೇ ಎಳೆಯಲ್ಲಿ ಸಿಕ್ಕರೆ ಐಪಿ ವಿಳಾಸದ ಹಂಗು ಯಾರಿಗೂ ಇರುವುದಿಲ್ಲ.

ಕ್ಲೀನರ್ ಆ್ಯಪ್ ಮಾಡುವ ಕೆಲಸ ಬ್ರೌಸರ್‌ನಲ್ಲೇ ಇದೆ. ಫೈರ್‌ಫಾಕ್ಸ್‌ನಲ್ಲಿ "ಕ್ಲಿಯರ್ ಹಿಸ್ಟರಿ ವೆನ್ ಫೈರ್‌ಫಾಕ್ಸ್ ಕ್ಲೋಸಸ್" ಎಂಬ ಟಿಕ್ ಸಾಕು. ಅದಕ್ಕಾಗಿ ಇಡೀ ಡಿಸ್ಕ್ ಓದುವ ಅನುಮತಿ ಇನ್ನೊಂದು ಕಂಪನಿಗೆ ಯಾಕೆ ಕೊಡಬೇಕು?

ಉತ್ತರ: ಸೊನ್ನೆಒಂದು

ಇನ್‌ಕಾಗ್ನಿಟೋ ಮತ್ತು ಇಂಟರ್ನೆಟ್ ಕಂಪನಿ, ಎರಡು ಪ್ರಶ್ನೆ ಹಾಗೇ ಉಳಿದಿವೆ.

ಇನ್‌ಕಾಗ್ನಿಟೋದ ಕೆಲಸ ಇಷ್ಟೇ: ಆ ಕಿಟಕಿ ಮುಚ್ಚಿದ ಮೇಲೆ ಹಿಸ್ಟರಿ, ಕುಕಿ, ಫಾರ್ಮಿನಲ್ಲಿ ತುಂಬಿದ್ದು ಈ ಯಂತ್ರದಲ್ಲಿ ಉಳಿಯುವುದಿಲ್ಲ. ಡೌನ್‌ಲೋಡ್ ಆದ ಫೈಲೂ ಹಾಕಿದ ಬುಕ್‌ಮಾರ್ಕೂ ಉಳಿಯುತ್ತವೆ. ಒಂದು ಕಿಟಕಿ ಮುಚ್ಚಿ ಇನ್ನೊಂದು ಇನ್‌ಕಾಗ್ನಿಟೋ ಕಿಟಕಿ ತೆರೆದೇ ಇದ್ದರೆ ಏನೂ ಅಳಿಯುವುದಿಲ್ಲ, ಏಕೆಂದರೆ ಎಲ್ಲ ಇನ್‌ಕಾಗ್ನಿಟೋ ಕಿಟಕಿಗಳಿಗೂ ಒಂದೇ ಕುಕಿ ಡಬ್ಬಿ. ಫೋನಿನಲ್ಲಂತೂ ವಾರಗಟ್ಟಲೆ ಟ್ಯಾಬ್ ಹಾಗೇ ಬಿದ್ದಿರುತ್ತವೆ. ಇನ್ನು ಅದರೊಳಗೇ ಖಾತೆಗೆ ಲಾಗಿನ್ ಆದರೆ ಹುಡುಕಾಟ ಖಾತೆಗೆ ಸೇರಿಯೇ ಸೇರುತ್ತದೆ. ಈ ಹೆಸರನ್ನು ನಂಬಿ ಜನ ಮೋಸಹೋಗುತ್ತಿದ್ದಾರೆ ಎಂದು ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ದಾವೆ ಹೂಡಿದ್ದರು. 2024ರ ರಾಜಿಯಲ್ಲಿ ಕೋಟ್ಯಂತರ ದಾಖಲೆ ಅಳಿಸಲು ಕಂಪನಿ ಒಪ್ಪಿತು, ಇನ್‌ಕಾಗ್ನಿಟೋ ತೆರೆದಾಗ ಬರುವ ಎಚ್ಚರಿಕೆಯ ಮಾತೂ ಬದಲಾಯಿತು.

ಈಗ ಇಂಟರ್ನೆಟ್ ಕೊಡುವ ಕಂಪನಿ. ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗುವ ಸೈಟುಗಳಲ್ಲಿ ನೀವು ಓದಿದ ಪುಟವಾಗಲೀ ಟೈಪ್ ಮಾಡಿದ ಹುಡುಕಾಟವಾಗಲೀ ಅವರಿಗೆ ಕಾಣುವುದಿಲ್ಲ. ಸೈಟಿನ ಹೆಸರು, ಎಷ್ಟು ಹೊತ್ತಿಗೆ, ಎಷ್ಟು ಡೇಟಾ, ಇಷ್ಟು ಕಾಣುತ್ತದೆ. ಆಸ್ಪತ್ರೆಯ ಸೈಟು ಎಂದು ಗೊತ್ತಾಗುತ್ತದೆ, ಯಾವ ವಿಭಾಗದ ಪುಟ ಎಂದು ಗೊತ್ತಾಗುವುದಿಲ್ಲ. ಸೈಟಿನ ಹೆಸರು ಎರಡು ತೂತುಗಳಿಂದ ಸೋರುತ್ತದೆ.

ಮೊದಲನೆಯದು ಡಿಎನ್‌ಎಸ್. ಹೆಸರನ್ನು ಐಪಿ ವಿಳಾಸವಾಗಿ ಬದಲಿಸಿಕೊಡಿ ಎಂದು ನಿಮ್ಮ ಯಂತ್ರ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಬಿಚ್ಚುಕಾಗದದಲ್ಲಿ ಹೋಗುತ್ತದೆ. ಇದನ್ನು ಲಕೋಟೆಗೆ ಹಾಕಬಹುದು. ಕ್ರೋಮ್: ಸೆಟ್ಟಿಂಗ್ಸ್, "ಪ್ರೈವಸಿ ಅಂಡ್ ಸೆಕ್ಯುರಿಟಿ", "ಸೆಕ್ಯುರಿಟಿ", "ಯೂಸ್ ಸೆಕ್ಯೂರ್ ಡಿಎನ್‌ಎಸ್". ಬರೀ ಆನ್ ಮಾಡಿ ಬಿಟ್ಟರೆ ಈಗಿರುವ ಸೇವೆಯನ್ನೇ, ಅದರಲ್ಲಿ ಈ ಸೌಲಭ್ಯ ಇದ್ದರೆ ಮಾತ್ರ, ಬಳಸುತ್ತದೆ. ಆದ್ದರಿಂದ ಕೆಳಗಿನ ಪಟ್ಟಿಯಿಂದ ಒಂದು ಸೇವೆಯನ್ನು ನೀವೇ ಆರಿಸಿ. ಫೈರ್‌ಫಾಕ್ಸ್‌ನಲ್ಲಿ "ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್" ಅಡಿಯಲ್ಲಿ "ಮ್ಯಾಕ್ಸ್ ಪ್ರೊಟೆಕ್ಷನ್". ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಾದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ "ಪ್ರೈವೇಟ್ ಡಿಎನ್‌ಎಸ್" ಇದೆ, ಎಲ್ಲ ಆ್ಯಪ್‌ಗಳಿಗೂ ಅನ್ವಯವಾಗುತ್ತದೆ. ಇಲ್ಲಿ ಬಹಳ ಜನ 9.9.9.9 ಅಥವಾ 1.1.1.1 (ಕ್ವಾಡ್9, ಕ್ಲೌಡ್‌ಫ್ಲೇರ್ ಎಂಬ ಡಿಎನ್‌ಎಸ್ ಸೇವೆಗಳ ವಿಳಾಸ) ಎಂದು ಅಂಕಿ ಹಾಕಿ "ಸೇವ್ ಆಗುತ್ತಿಲ್ಲ" ಎನ್ನುತ್ತಾರೆ. ಅಲ್ಲಿ ಅಂಕಿ ಹಿಡಿಸುವುದಿಲ್ಲ, ಹೆಸರೇ ಬೇಕು: ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್, ಅಥವಾ ಒನ್ ಡಾಟ್ ಒನ್ ಡಾಟ್ ಒನ್ ಡಾಟ್ ಒನ್, ಇಂಗ್ಲಿಷ್ ಅಕ್ಷರದಲ್ಲಿ. ಸಾರ್ವಜನಿಕ ವೈಫೈನಲ್ಲಿ ಲಾಗಿನ್ ಪುಟ ತೆರೆಯದಿದ್ದರೆ ಇದನ್ನು ತಾತ್ಕಾಲಿಕವಾಗಿ "ಆಟೋಮ್ಯಾಟಿಕ್"ಗೆ ಇಟ್ಟು, ಲಾಗಿನ್ ಆದ ಮೇಲೆ ವಾಪಸ್ ಹಾಕಿ.

ಎರಡನೆಯ ತೂತು ಎಸ್‌ಎನ್‌ಐ. ಸಂಪರ್ಕ ಶುರುವಾಗುವಾಗ ಬ್ರೌಸರ್ ಸೈಟಿನ ಹೆಸರನ್ನು ಬಹಿರಂಗವಾಗಿಯೇ ಒಮ್ಮೆ ಹೇಳುತ್ತದೆ. ಇದನ್ನೂ ಮುಚ್ಚುವ ಇಸಿಎಚ್ ಎಂಬ ವ್ಯವಸ್ಥೆ ಈಗಿನ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಇದೆ, ಆದರೆ ಸೈಟಿನ ಕಡೆಯಿಂದಲೂ ಬೆಂಬಲ ಬೇಕು, ಎಲ್ಲ ಸೈಟಿನಲ್ಲೂ ಇಲ್ಲ. ಈ ತೂತು ಪೂರ್ತಿ ಮುಚ್ಚಬೇಕೆಂದರೆ ಆಗ ವಿಪಿಎನ್ ಅಥವಾ ಟಾರ್ ಬ್ರೌಸರ್ (ಸಂಪರ್ಕವನ್ನು ಹಲವು ಯಂತ್ರಗಳ ಮೂಲಕ ಸುತ್ತಿಸುವ ಬ್ರೌಸರ್). ವಿಪಿಎನ್ ಹಾಕಿದರೆ ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದದ್ದು ವಿಪಿಎನ್ ಕಂಪನಿಗೆ ಕಾಣುತ್ತದೆ. ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ನಂಬಿಕೆ ಎಂಬುದಷ್ಟೇ ಪ್ರಶ್ನೆ. ಪುಕ್ಕಟೆ ಕೊಡುವವರ ಮೇಲೆ ನನಗಂತೂ ಇಲ್ಲ.

ಒಂದು ಅಡ್ಡಮಾತು. ಇನ್‌ಕಾಗ್ನಿಟೋ ಮುಚ್ಚಿದ ಮೇಲೂ ವಿಂಡೋಸ್ ತನ್ನ ಡಿಎನ್‌ಎಸ್ ಕ್ಯಾಶ್‌ನಲ್ಲಿ ಸೈಟಿನ ಹೆಸರುಗಳನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿರಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಬರೆದು, ಒಂದು ಜಾಗ ಬಿಟ್ಟು, ಸ್ಲ್ಯಾಶ್ ಡಿಸ್‌ಪ್ಲೇಡಿಎನ್‌ಎಸ್ ಎಂದರೆ ಪಟ್ಟಿ ಕಾಣುತ್ತದೆ. ಅದೇ ಜಾಗದಲ್ಲಿ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್ ಎಂದರೆ ಖಾಲಿ. ಯಂತ್ರ ರೀಸ್ಟಾರ್ಟ್ ಮಾಡಿದರೂ ಹೋಗುತ್ತದೆ.

ಉತ್ತರ: ನೆರಳುಗಂಟು

ಅಳಿಸುವುದರ ಬಗ್ಗೆ ಎಲ್ಲರೂ ಹೇಳಿದರು. ಸೇರದಂತೆ ಮಾಡುವುದು ಹೆಚ್ಚು ಲಾಭ.

ವಿಳಾಸಪಟ್ಟಿಯಲ್ಲಿ ಟೈಪ್ ಮಾಡುವಾಗ ಎಂಟರ್ ಒತ್ತುವ ಮೊದಲೇ ಅಕ್ಷರಗಳು ಸರ್ಚ್ ಎಂಜಿನ್‌ಗೆ ಹೋಗುತ್ತಿರುತ್ತವೆ, ಸಲಹೆಗಳು ಬರುವುದೇ ಹಾಗೆ. ಟೈಪ್ ಮಾಡಿ, ಬೇಡವೆಂದು ಅಳಿಸಿದ್ದು ಕೂಡ ಹೋಗಿರುತ್ತದೆ. ಕ್ರೋಮ್‌ನಲ್ಲಿ "ಇಂಪ್ರೂವ್ ಸರ್ಚ್ ಸಜೆಷನ್ಸ್" ಆಫ್ ಮಾಡಿ. ಫೈರ್‌ಫಾಕ್ಸ್‌ನಲ್ಲಿ ಸರ್ಚ್ ಸೆಟ್ಟಿಂಗ್‌ನಲ್ಲಿ "ಷೋ ಸರ್ಚ್ ಸಜೆಷನ್ಸ್" ಟಿಕ್ ತೆಗೆಯಿರಿ.

ಥರ್ಡ್ ಪಾರ್ಟಿ ಕುಕಿ (ನೀವು ತೆರೆದ ಸೈಟಲ್ಲದೆ ಬೇರೆಯವರು ಇಡುವ ಕುಕಿ): ಸಫಾರಿ 2020ರ ಮಾರ್ಚ್‌ನಿಂದ ಪೂರ್ತಿ ತಡೆಯುತ್ತದೆ. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಪ್ರತಿ ಸೈಟಿಗೂ ಬೇರೆ ಬೇರೆ ಕುಕಿ ಡಬ್ಬಿ ಇಡುತ್ತದೆ. ಕ್ರೋಮ್ ತೆಗೆಯುತ್ತೇವೆ, ತೆಗೆಯುತ್ತೇವೆ ಎಂದು ವರ್ಷಗಟ್ಟಲೆ ಹೇಳಿ ಕೊನೆಗೆ ಕೈಬಿಟ್ಟಿತು. ಹಾಗಾಗಿ ಅಲ್ಲಿ ನೀವೇ ಬ್ಲಾಕ್ ಮಾಡಬೇಕು. ಮಾಡಿದ ಮೇಲೆ ಯಾವುದಾದರೂ ಸೈಟಿನಲ್ಲಿ ಲಾಗಿನ್ ಅಥವಾ ಪಾವತಿ ಪುಟ ಸುತ್ತುತ್ತಲೇ ಇದ್ದರೆ ವಿಳಾಸಪಟ್ಟಿಯ ಕಣ್ಣಿನ ಚಿಹ್ನೆಯಿಂದ ಆ ಒಂದು ಸೈಟಿಗೆ ಮಾತ್ರ ವಿನಾಯಿತಿ ಕೊಡಿ.

ಎಕ್ಸ್‌ಟೆನ್ಷನ್‌ಗಳನ್ನು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಯಾರೂ ನೋಡುವುದಿಲ್ಲ. "ರೀಡ್ ಅಂಡ್ ಚೇಂಜ್ ಆಲ್ ಯುವರ್ ಡೇಟಾ" ಎಂಬ ಅನುಮತಿ ಇರುವ ಎಕ್ಸ್‌ಟೆನ್ಷನ್ ನಿಮ್ಮ ಪ್ರತಿ ಪುಟವನ್ನೂ ಓದಬಲ್ಲದು, ಹಿಸ್ಟರಿ ಅಳಿಸಿದರೆ ಅದು ಕಳಿಸಿಯಾದ ದಾಖಲೆ ವಾಪಸ್ ಬರುವುದಿಲ್ಲ. ಒಳ್ಳೆಯದೆಂದು ಹಾಕಿಕೊಂಡದ್ದನ್ನು ಅದರ ಮಾಲೀಕ ಇನ್ನೊಬ್ಬರಿಗೆ ಮಾರಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಏನು ಬರುತ್ತದೋ ಯಾರಿಗೆ ಗೊತ್ತು. ಬೇಡದ್ದನ್ನು ತೆಗೆಯಿರಿ, ಉಳಿದದ್ದಕ್ಕೆ "ಸೈಟ್ ಆ್ಯಕ್ಸೆಸ್" ಅನ್ನು "ಆನ್ ಕ್ಲಿಕ್"ಗೆ ಇಡಿ.

ಫೋನಿನಲ್ಲಿ ಜಾಹೀರಾತು ಐಡಿ (ಜಾಹೀರಾತಿಗಾಗಿ ನಿಮ್ಮ ಫೋನನ್ನು ಗುರುತಿಸುವ ಸಂಖ್ಯೆ): ಆಂಡ್ರಾಯ್ಡ್ 12ರಿಂದ ಈಚೆಗೆ ಗೂಗಲ್ ಸೆಟ್ಟಿಂಗ್ಸ್‌ನ "ಆ್ಯಡ್ಸ್" ಒಳಗೆ "ಡಿಲೀಟ್ ಅಡ್ವರ್ಟೈಸಿಂಗ್ ಐಡಿ" ಇದೆ. ಒತ್ತಿ ಬಿಡಿ, ಏನೂ ಕೆಡುವುದಿಲ್ಲ.

ಕೊನೆಗೆ ಗಂಭೀರವಾದದ್ದೊಂದು. ಮನೆಯಲ್ಲೇ ಯಾರೋ ನಿಮ್ಮ ಫೋನನ್ನು ಕದ್ದು ನೋಡುತ್ತಾರೆ, ಅವರಿಂದ ಅಪಾಯವಿದೆ ಎಂಬ ಪರಿಸ್ಥಿತಿಯಲ್ಲಿ ಇದನ್ನು ಓದುತ್ತಿದ್ದರೆ, ಎಲ್ಲವನ್ನೂ ಒಮ್ಮೆಗೇ ಖಾಲಿ ಮಾಡಬೇಡಿ. ನಿನ್ನೆ ತುಂಬಿದ್ದ ಹಿಸ್ಟರಿ ಇವತ್ತು ಪೂರ್ತಿ ಖಾಲಿಯಾದರೆ ಅದೇ ಅನುಮಾನಕ್ಕೆ ಕಾರಣ. ಬೇಕಾದ ಸಾಲು ಮಾತ್ರ ತೆಗೆದು ಮಿಕ್ಕದ್ದನ್ನು ಇರಲು ಬಿಡಿ. ಫೋನಿನಲ್ಲಿ ಗೂಢಚಾರ ಆ್ಯಪ್ ಇದ್ದರೆ ಅದು ಟೈಪ್ ಮಾಡುವಾಗಲೇ ಹಿಡಿಯುತ್ತದೆ, ಅಳಿಸಿ ಪ್ರಯೋಜನವಿಲ್ಲ. ಸಹಾಯ ಹುಡುಕುವುದಕ್ಕೆ ಅವರ ಕೈ ತಾಗದ ಬೇರೆ ಯಂತ್ರ, ಬೇರೆ ಖಾತೆ ಬಳಸಿ.

ಮರುಪ್ರಶ್ನೆ: ಎರಡನೇ_ಟ್ಯಾಬ್

ಎಲ್ಲರಿಗೂ ಧನ್ಯವಾದ. ಗಡಿಯಾರಗಳು ಹೋದವು, ಈಗ ಭೂತಗನ್ನಡಿಯವು ಮಾತ್ರ. ಕೀಬೋರ್ಡಿನ ಪದವೂ ಹೋಯಿತು, ನೋಟಿಫಿಕೇಷನ್ ನಿಂತಿತು. ಸೆಟ್ಟಿಂಗ್ಸ್ ಹುಡುಕುವಾಗ ಕ್ರೋಮ್ ಮೆನುವಿನ ತೀರಾ ಕೆಳಗೆ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್" ಎಂಬ ಸಾಲು ಕಂಡಿತು. ಇದು ಮನೆಯ ಲ್ಯಾಪ್‌ಟಾಪ್, ಯಾವ ಆಫೀಸಿನದೂ ಅಲ್ಲ. ಯಾರಾದರೂ ನೋಡುತ್ತಿದ್ದಾರೆಯೇ?

ಉತ್ತರ: ಸೊನ್ನೆಒಂದು

ಗಾಬರಿ ಬೇಡ, ಆದರೆ ನೋಡದೆ ಬಿಡಬೇಡಿ. ಆಫೀಸಿನ ಯಂತ್ರವಾಗಿದ್ದರೆ ಇದರರ್ಥ ಹಿಸ್ಟರಿ ಅಳಿಸದಂತೆ, ಇನ್‌ಕಾಗ್ನಿಟೋ ತೆರೆಯದಂತೆ ಅಡ್ಮಿನ್ ತಡೆಯಬಹುದು ಎಂದು. ಮನೆಯ ಯಂತ್ರದಲ್ಲಿ ಈ ಸಾಲು ಬಂದರೆ ಯಾವುದೋ ಸಾಫ್ಟ್‌ವೇರ್ ಕ್ರೋಮ್‌ಗೆ ನಿಯಮ ಹಾಕಿದೆ. ಆಂಟಿವೈರಸ್ ಹಾಕಿದ ನಿರುಪದ್ರವಿ ನಿಯಮ ಇರಬಹುದು, ಪುಕ್ಕಟೆ ಸಾಫ್ಟ್‌ವೇರ್ ಜೊತೆ ನುಸುಳಿದ ಎಕ್ಸ್‌ಟೆನ್ಷನ್ ಕೂಡ ಇರಬಹುದು.

ವಿಳಾಸಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಎಂದು ಹೊಡೆಯಿರಿ. ಜಾರಿಯಲ್ಲಿರುವ ನಿಯಮಗಳ ಪಟ್ಟಿ ಬರುತ್ತದೆ. ಅದರಲ್ಲಿ "ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್" ಇದ್ದರೆ ಬಲವಂತವಾಗಿ ಕೂರಿಸಿದ ಎಕ್ಸ್‌ಟೆನ್ಷನ್ ಇದೆ ಎಂದರ್ಥ, ಅದಕ್ಕೆ ರಿಮೂವ್ ಬಟನ್ನೇ ಇರುವುದಿಲ್ಲ. "ಡೀಫಾಲ್ಟ್ ಸರ್ಚ್ ಪ್ರೊವೈಡರ್" ಎಂದು ಶುರುವಾಗುವ ಸಾಲು ಇದ್ದರೆ ನಿಮ್ಮ ಹುಡುಕಾಟ ಇನ್ನೊಬ್ಬರ ಮೂಲಕ ಸುತ್ತಿಕೊಂಡು ಹೋಗುತ್ತಿರಬಹುದು.

ತೆಗೆಯುವ ಕ್ರಮ: ಮೊದಲು ವಿಂಡೋಸ್‌ನ ಇನ್‌ಸ್ಟಾಲ್ ಆದ ಆ್ಯಪ್‌ಗಳ ಪಟ್ಟಿಯಲ್ಲಿ ಗುರುತಿಲ್ಲದ್ದನ್ನು ತೆಗೆಯಿರಿ. ಮೊದಲು ಇದನ್ನು ಮಾಡದಿದ್ದರೆ ಅಳಿಸಿದ ನಿಯಮವನ್ನು ಅದೇ ಮತ್ತೆ ಬರೆಯುತ್ತದೆ. ಆಮೇಲೆ ರಿಜಿಸ್ಟ್ರಿ ಎಡಿಟರ್‌ನಲ್ಲಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳನ್ನು ತಿದ್ದುವ ಉಪಕರಣ) ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ಜಾಗಕ್ಕೆ ಹೋಗಿ. ಎಚ್‌ಕೀ ಕರೆಂಟ್ ಯೂಸರ್ ಅಡಿಯಲ್ಲೂ ಅದೇ ದಾರಿ ನೋಡಿ. ಆ ಜಾಗದಲ್ಲಿರುವುದರ ಒಂದು ಪ್ರತಿಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಆಮೇಲೆ ಬೇಡದ ನಿಯಮ ಅಳಿಸಿ, ಕ್ರೋಮ್ ಪೂರ್ತಿ ಮುಚ್ಚಿ ತೆರೆಯಿರಿ.

ಅಳಿಸುವ ಮುಂಚೆ ಪಾಲಿಸಿ ಪುಟದಲ್ಲಿ ಕಂಡ ನಿಯಮದ ಹೆಸರುಗಳನ್ನು ಇಲ್ಲಿ ಹಾಕಿ, ಯಾವುದು ಆಂಟಿವೈರಸ್‌ದು ಯಾವುದು ಅಲ್ಲ ಎಂದು ನೋಡಿ ಹೇಳುತ್ತೇವೆ. ಸ್ಕ್ರೀನ್‌ಶಾಟ್ ಹಾಕುವುದಾದರೆ ಮೇಲೆ ಕಾಣುವ ಟ್ಯಾಬ್‌ಗಳ ಹೆಸರನ್ನೂ ಖಾತೆಯ ಚಿತ್ರವನ್ನೂ ಕತ್ತರಿಸಿ ಹಾಕಿ.